ಕಾವಾ ಬಟ್ಟಲ ಸುತ್ತ ಆರು ಕಾರ್ಬನ್

“ಘಮ್ಮಂತಿದ್ರೆ ಆರೊಮ್ಯಾಟಿಕ್, ಗಬ್ಬು ನಾತ ಹೊಡೆದ್ರೆ ಬೇರೆ ಜಾತಿ. ಅಷ್ಟೇ ತಾನೆ?” ಅಂದ ತೈತುಸಿ.

“ನಿನ್ ತಲೆ! ಮೂಗಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಬೆಳಿಗ್ಗೆಯಿಂದ ಬಾಯ್ ಬಡ್ಕೋತಿದೀನಿ,” ಅಂದಳು ಹೆಂಡತಿ ಮೆರೆಯಾನಿ.

ಅವಳು ದ್ವೀಪದ ಬಂದರು ಪಟ್ಟಣ ಲೌಟೋಕದ ಶಾಲೆಯಲ್ಲಿ ರಸಾಯನಶಾಸ್ತ್ರದ ಟೀಚರ್. ಅವನು ಬಂದರಿನ ತೈಲ ಡಿಪೋದಲ್ಲಿ ಪೀಪಾಯಿ ಉರುಳಿಸುವವನು. ಹೈಡ್ರೋಕಾರ್ಬನ್‌ಗಳ ಬಗ್ಗೆ ಡಿಪೋದವರು ನಡೆಸುವ ನಾಳಿನ ಮೌಖಿಕ ಪರೀಕ್ಷೆಯಲ್ಲಿ ಪಾಸಾದರೆ ಬಿಸಿಲು ಬಿಟ್ಟು ಪ್ರಯೋಗಾಲಯದ ನೆರಳಿಗೆ ಹೋಗಬಹುದು. ಸೊಂಟ ಕೈಕೊಟ್ಟಿತ್ತು, ಆ ಕೆಲಸ ಅವನಿಗೆ ಬೇಕೇ ಬೇಕು.

“ಕಾರ್ಬನ್‌ಗೆ ಎಷ್ಟು ಕೈ?”

“ನಾಲ್ಕು.”

“ಪಕ್ಕದೋನನ್ನ ಒಂದೇ ಕೈಲಿ ಹಿಡ್ಕೊಂಡು, ಮಿಕ್ಕ ಕೈಲೆಲ್ಲ ಹೈಡ್ರೋಜನ್ ಹಿಡಿದ್ರೆ?”

“ಆಲ್ಕೇನ್. ಪರ್ಯಾಪ್ತ, ಅಂದ್ರೆ ಕೈಯೆಲ್ಲ ಭರ್ತಿ. ಪಾಪ, ಯಾರ ತಂಟೆಗೂ ಹೋಗಲ್ಲ.”

“ಎರಡು ಕೈಲಿ ಹಿಡಿದ್ರೆ?”

“ಆಲ್ಕೀನ್. ಮೂರು ಕೈಲಾದ್ರೆ ಆಲ್ಕೈನ್. ಎರಡೂ ಅಪರ್ಯಾಪ್ತ. ಕೆಣಕಿದ್ರೆ ಸಾಕು, ಮೈಮೇಲೆ ಬೀಳ್ತಾವೆ. ನಿನ್ ಥರ.”

“ಇರ್ಲಿ, ಇರ್ಲಿ. ಬೆಂಜೀನ್?”

“ಅದು... ಘಮ್ಮಂತ...”

“ಮತ್ತೆ ಮೂಗು!”

ಪಕ್ಕದ ಅಂಗಳದಿಂದ, ಊರವರು ಕೂಡಿ ಕುಡಿಯುವ ಮಂಪರು ಪಾನೀಯಕ್ಕೆ ಕಾವಾ ಬೇರು ಕುಟ್ಟುವ ಸದ್ದು ಕೇಳಿಸಿತು. ತೈತುಸಿ ಮೆಲ್ಲಗೆ ಎದ್ದ.

“ಒಂದೇ ಒಂದು ಕರಟ ಕುಡಿದು ಬಂದ್ಬಿಡ್ತೀನಿ ಮಾರಾಯ್ತಿ.”

“ಕಾವಾ ಮಾತೆತ್ತಿದ್ರೆ ನೋಡು! ಅಯ್ಯೋ, ಇರಿರು... ಆರು ಜನ ಬಟ್ಟಲ ಸುತ್ತ ಕೂರ್ತೀರಲ್ಲ, ಆ ಕರಟ ಯಾರದ್ದು?”

“ಯಾರದ್ದೂ ಅಲ್ಲ. ಸುತ್ತಾನೇ ಇರುತ್ತೆ. ಎಲ್ಲರದ್ದೂ.”

“ಅದೇ ಕಣೋ ಬೆಂಜೀನ್! ಆರು ಕಾರ್ಬನ್ ಉಂಗುರ. ಹೆಚ್ಚಿನ ಹಿಡಿತ ಯಾರಿಬ್ಬರ ಸೊತ್ತೂ ಅಲ್ಲ, ಆರೂ ಜನರದ್ದು. ಅದಕ್ಕೇ ಆರೊಮ್ಯಾಟಿಕ್.”

“ಕರಟಾನೇ ಇಲ್ದೆ ಸುಮ್ನೆ ಸುತ್ತ ಕೂತ್ರೆ?”

“ಸೈಕ್ಲೋಹೆಕ್ಸೇನ್. ಉಂಗುರ ಇದೆ, ಹಂಚ್ಕೊಳ್ಳೋಕೆ ಏನೂ ಇಲ್ಲ.”

“ಛೇ, ಪಾಪ,” ಅಂದ ತೈತುಸಿ, ನಿಜವಾದ ಮರುಕದಿಂದ. “ಹಾಗಾದ್ರೆ ಇಷ್ಟು ವರ್ಷ ನಾನು ಮಾಡಿದ್ದು ವ್ಯಾಸಂಗ! ಹೋಗಿ ಓದ್ಕೊಂಡು ಬರ್ಲಾ?”

“ನೀನು ಹೋಗ್ಬೇಡ. ಅವರನ್ನೇ ಇಲ್ಲಿಗೆ ಕರಿ.”

ಬಟ್ಟಲು ಹೊತ್ತು ಐದು ಜನ ಬಂದರು. ತೈತುಸಿಯೂ ಸೇರಿ ಚಾಪೆಯ ಮೇಲೆ ಉಂಗುರ ಪೂರ್ತಿಯಾಯಿತು. ಕರಟ ತುಂಬಿಸಿದ ಮೆರೆಯಾನಿ ಹೇಳಿದಳು:

“ಕುಡಿಯೋಕೆ ಮುಂಚೆ ಒಬ್ಬೊಬ್ಬರೂ ಒಂದೊಂದು ಹೈಡ್ರೋಕಾರ್ಬನ್ ಹೆಸರು, ಅದು ಯಾವ ವರ್ಗ ಅಂತ ಹೇಳ್ಬೇಕು.”

ಕಾವಾ ಕುಡಿಯುವ ಮುಂಚೆ ವಾಡಿಕೆಯಂತೆ ತಟ್ಟುವ ಚಪ್ಪಾಳೆಗೆಂದು ಎತ್ತಿದ ಕೈಗಳು ಅಲ್ಲೇ ನಿಂತವು. ಪಕ್ಕದ ಮನೆಯ ಅಪಿಸಾಯ್‌ಗೆ ಇದ್ದಕ್ಕಿದ್ದಂತೆ ಹಂದಿಗೆ ಮೇವು ಹಾಕುವುದು ನೆನಪಾಯಿತು. ಉಳಿದ ನಾಲ್ವರೂ ಅವನ ಬೆನ್ನಿಗೇ, ಒಬ್ಬರ ಹಿಂದೆ ಒಬ್ಬರು ಬಾಗಿಲು ದಾಟಿದರು.

“ಅಲ್ಲಿ ಹೋಗ್ತಿರೋದು ಏನು?” ಗಡಸಾಗಿ ಕೇಳಿದಳು ಮೆರೆಯಾನಿ.

“ಉಂಗುರ ಬಿಚ್ಕೊಂಡು ತೆರೆದ ಸರಪಳಿ!” ತೈತುಸಿ ತಡವರಿಸಲಿಲ್ಲ.

ಅವಳ ಮುಖ ಅರಳಿತು. ನಾಳೆ ಗೆದ್ದುಬಿಡ್ತಾನೆ ಇವನು!

“ಉಳಿದಿರೋ ನೀನು?”

“ಒಂಟಿ ಕಾರ್ಬನ್. ಮೀಥೇನ್. ಕೊಡು ಇನ್ನ, ನಾಲ್ಕು ಕೈಗೂ ಒಂದೊಂದು ಕರಟ!”