ಗಾಡಿ ನೀರು ಯಾರು ಕುಡಿದ್ರು?

ಶಕ್ ಪಡೋ ಮಂದಿ ಬಗ್ಗೆ ಲೋಕದಾಗ ಭಾಳ ಕೆಟ್ಟ ಮಾತದ. ಸಂಶಯಕ್ಕ ಮದ್ದಿಲ್ಲ ಅಂತಾರ. ನನ್ನ ಕೇಳಿದ್ರ, ಶಕ್ ಇಲ್ದಿದ್ರ ನಮ್ಮ ಮನ್ಯಾಗ ಒಲಿ ಹತ್ತಂಗಿಲ್ಲ. ರಾಯಚೂರಿನ ಒಂದು ಹತ್ತಿ ಮಿಲ್ಲಿನಾಗ ನನ್ನ ಕೆಲಸ ಏನಂದ್ರ, ಬಂದ ಅಂಡಿಗಿ ಚೀಲದ ಒಳಗ ಮೊಣಕೈ ತನಕ ಕೈ ಹಾಕಿ, ಯಾವ ಪುಣ್ಯಾತ್ಮ ತೂಕ ಬರಲಿ ಅಂತ ಹತ್ತಿಗೆ ನೀರು ಹೊಡದಾನ ಅನ್ನೋದು ಹುಡುಕೋದು. ಮ್ಯಾಲ ಖಣಖಣ ಒಣಗಿರ್ತದ, ಒಳಗ ತೇವ ಇರ್ತದ. ಹಿಂಗ ಕೈ ಹಾಕಿ ಹಾಕಿ ಈಗ ಏನಾಗ್ಯದ ಅಂದ್ರ, ಯಾರಾದ್ರೂ ನಕ್ಕು ನಮಸ್ಕಾರ ಮಾಡಿದ್ರೂ ಒಳಗ ಏನೋ ತೇವ ಅದ ಅನಿಸ್ತದ. ಇಂಥ ಮನಷ್ಯಾನ ಸ್ವಂತ ಕಾರಿನ ರೇಡಿಯೇಟರ್ ನೀರು ದಿನಾ ಮಾಯ ಆಗಾಕತ್ತಿದ್ರ ಅವನ ಗತಿ ಏನು, ನೀವ ಹೇಳ್ರಿ.

ಗಾಡಿ ಹಳೇದು, ಒಪ್ಪಿದೆ. ಮುಂದಿನ ಬಾಗಿಲಾ ಜೋರು ಹಾಕಿದ್ರ ಹಿಂದಿಂದು ತಾನ ತಗೀತದ. ಆದ್ರ ಅದರಾಗ ಒಂದು ದೊಡ್ಡ ಕೆಲಸ ಆಗೋದಿತ್ತು. ಮಗಳು ಸುಮಾನ್ನ ದೇವದುರ್ಗಕ್ಕ ಕೊಟ್ಟೀವಿ. ಚೊಚ್ಚಲ ಬಸುರಿ. ಕುಬಸ, ಅಂದ್ರ ಸೀಮಂತ, ಮುಗಿಸಿ ಹೆರಿಗಿಗೆ ಕರ್ಕೊಂಡು ಬರಬೇಕು. ತವರಿನವರ ಗಾಡಿಯಾಗ ಬರೋದು ಪದ್ಧತಿ, ಪದ್ಧತಿಗಿಂತ ಹೆಚ್ಚಿಗಿ ನನ್ನ ಹಠ. ಬೀಗರು ಹೊಸ ಕಾರು ತಗೊಂಡಾರ, ಸೀಟಿನ ಮ್ಯಾಲಿನ ಪ್ಲಾಸ್ಟಿಕ್ ಇನ್ನೂ ತಗದಿಲ್ಲ. ಫೋನಿನಾಗ ಅವರು, ನಮ್ಮ ಗಾಡಿಯಾಗನ ಕಳಿಸ್ತೀವಿ ಬಿಡ್ರಿ ಅಂದ್ರು. ಆ "ಬಿಡ್ರಿ" ಅನ್ನೋದರಾಗ ಎಷ್ಟು ತೇವ ಇತ್ತು ಅನ್ನೋದು ನನಗ ಗೊತ್ತು. ಇತ್ಲಾಗ ಹೆಣ್ತಿ ಮಾದೇವಿ ಖಡಕ್ ಹೇಳಿಬಿಟ್ಳು: "ಈ ಬಿಸಲಾಗ ಬಸುರಿ ಹುಡುಗೀನ ಗಬ್ಬೂರು ದಾರ್ಯಾಗ ನಿಂದ್ರಿಸಿದ್ರ ನಾ ಸುಮ್ನಿರಂಗಿಲ್ಲ. ನೀರು ಎಲ್ಲಿ ಹೋಗಾಕತ್ತದ ಹುಡುಕ್ರಿ, ಇಲ್ಲಾಂದ್ರ ಅವರ ಗಾಡಿನ ಬರಲಿ."

ನಮ್ಮ ಮೆಕ್ಯಾನಿಕ್ ಖಾಜಾ ಬಾನೆಟ್ ಎತ್ತಿ ಭಾಳ ಹೊತ್ತು ನೋಡಿದ. ಎಲ್ಲೂ ಹನಿ ಕಾಣಲಿಲ್ಲ. ಕಡೀಗೆ ಬರೇ ನೀರು ತಗದು ಇಂಜಿನ್ ತಣ್ಣಗಿಡೋ ಹಸರು ಕೂಲಂಟ್ ತುಂಬಿದ. ಸಣ್ಣ ಸೋರಿಕಿ ಇದ್ರ ಗಾಡಿ ತಣ್ಣಗಾದ ಮ್ಯಾಲ ಹನೀತದ, ನೀರಾದ್ರ ಒಣಗಿ ಹೋಗ್ತದ, ಇದು ಒಣಗಿದ್ರೂ ಹಸರು ಕಲಿ ಬಿಡ್ತದ, ಮುಂಜಾನಿ ಬಗ್ಗಿ ನೋಡು, ಕಲಿ ಎಲ್ಲದ ಅದರ ನೆಟ್ಟಗ ಮ್ಯಾಲ ರೋಗ ಅದ ಅಂದ.

ಮರುದಿನ ಚಾ ಕಪ್ಪು ಹಿಡ್ಕೊಂಡು ಬಗ್ಗಿ ನೋಡಿದೆ. ನೆಲ ಸ್ವಚ್ಛ. ಬಾಜೂಕ ರಂಗೋಲಿ. ಹಸರು ಅನ್ನೋದು ಅಂಗಳದಾಗ ತುಳಸಿ ಗಿಡ ಬಿಟ್ರ ಎಲ್ಲೂ ಇಲ್ಲ. ಬಾನೆಟ್ ಎತ್ತಿದ್ರ ಡಬ್ಬಿಯಾಗ ಕೂಲಂಟ್ ಮಾತ್ರ ಇಳದದ. ಮತ್ತ ತುಂಬಿದೆ. ಮತ್ತ ಇಳೀತು. ಕೆಳಗ ಬೀಳದ ನೀರು ಮ್ಯಾಲಿಂದ ಹೋಗಿರಬೇಕು, ಮ್ಯಾಲಿಂದ ಹೋಗಬೇಕಂದ್ರ ಕೈ ಬೇಕು. ಹಂಗಾರ ಯಾರ ಕೈ?

ಮೊದಲು ಶಕ್ ಬಂದಿದ್ದು ಖಾಜಾನ ಮ್ಯಾಲ. ನಮಗ ತಿರುಗಾಡಿಸಿದಷ್ಟು ಅವನಿಗೆ ಲಾಭ. ಆಮ್ಯಾಲ ಮಾನ್ವಿಯಾಗಿರೋ ನನ್ನ ಭಾವಮೈದ ಬಸಣ್ಣ. ಹೋದ ತಿಂಗಳು ಗಾಡಿ ಒಯ್ದು ಚೀಕಲಪರ್ವಿ ಹೊಳಿಗೆ ಜಳಕಕ್ಕ ಹೋಗಿ ಬಂದಿದ್ದ. ತಂದು ಬಿಡೋ ಮುಂದ ತೊಳದು ತಂದಿದ್ದ. ಬಸಣ್ಣ ಹುಟ್ಟಿದಾಗಿಂದ ತನ್ನ ತಾಟು ತಾನು ತೊಳದಾಂವಲ್ಲ, ನನ್ನ ಗಾಡಿ ಯಾಕ ತೊಳದ? ಕಡೀಗೆ ಮಾದೇವಿ ಮ್ಯಾಲೂ ಬಂತು. ಈ ಗಾಡಿ ಮಾರ್ರಿ ಅಂತ ವರ್ಷಗಟ್ಲೆ ಜಪಾ ಮಾಡಾಕಿ ಆಕಿ.

ಕೇಳಬಹುದಿತ್ತಲ್ಲ ಅಂತೀರಿ. ಶಕ್ ಪಡೋ ಮನಷ್ಯಾ ಕೇಳಂಗಿಲ್ರಿ. ಕೇಳಿದ್ರ ಕಳ್ಳ ಹುಷಾರಾಗ್ತಾನ. ಅದಕ್ಕ ನಾ ಏನು ಮಾಡ್ದೆ ಅಂದ್ರ, ಕೂಲಂಟ್ ಡಬ್ಬಿ ಮುಚ್ಚಳಕ್ಕ ಒಂದು ಕರಿ ದಾರ ಸುತ್ತಿ ಗಂಟು ಹಾಕಿ ಮಲಕೊಂಡೆ. ಮುಂಜಾನಿ ನೋಡಿದ್ರ ದಾರ ಹಂಗ ಅದ, ಗಂಟು ಹಂಗ ಅದ, ಒಳಗ ಕೂಲಂಟ್ ಇಲ್ಲ. ಬ್ಯಾರೆ ಯಾರಾದ್ರೂ ಆಗಿದ್ರ ಕಳ್ಳತನ ಆಗಿಲ್ಲ ಅಂತ ತಿಳ್ಕೋತಿದ್ರು. ನಾನು, ಕಳ್ಳ ನನ್ನಂಗ ಗಂಟು ಹಾಕಾಕ ಕಲ್ತಾನ ಅಂತ ತಿಳ್ಕೊಂಡೆ. ನನ್ನ ಗಂಟು ಗೊತ್ತಿರೋದು ಮನಿ ಮಂದಿಗೆ ಮಾತ್ರ. ಅವತ್ತು ಮಾದೇವಿ ಕೊಟ್ಟ ಚಾ ಸೈತ ಒಂದೀಟು ಮೂಸಿ ಕುಡಿದೆ.

ಕುಬಸ ಹತ್ರ ಬಂತು. ಅಷ್ಟರಾಗ ಒಂದಿನ ನಮ್ಮ ಓಣಿಗೆ ನಳದ ನೀರು ಬರಲಿಲ್ಲ. ರಾಯಚೂರಿನವರಿಗೆ ಅದೇನು ಹೊಸದಲ್ಲ. ಆದ್ರ ಅವತ್ತು ಮುಂಜಾನಿ ಬಗ್ಗಿದ್ರ, ಗಾಡಿ ಮುಂದಿನ ಬಲ ಗಾಲಿ ಬಾಜೂಕ, ಧೂಳಿನಾಗ, ಅಂಗೈಯಷ್ಟು ಹಸರು ಕಲಿ. ನಾನು ಅಲ್ಲೇ ಕುಂತುಬಿಟ್ಟೆ. ಮಾದೇವಿ ಕಸಬರಿಗಿ ಹಿಡ್ಕೊಂಡು ಹೊರಗ ಬಂದ್ಳು, ನೀರಿಲ್ಲ, ಅಂಗಳಕ್ಕ ಛಳಾ ಹೊಡಿಯಾಕ ಆಗಲಿಲ್ಲ, ಬರೇ ಕಸಾ ಹೊಡೀತೀನಿ ಸರೀರಿ ಅಂದ್ಳು. ನಾನು ಕಲಿ ತೋರಿಸಿದೆ.

"ಇದಾ? ದಿನಾ ಇರ್ತದಲ್ಲ."

"ದಿನಾ ಇರ್ತದಾ?"

"ಹೂಂ. ಆಜೂಬಾಜು ಮನಿ ರಂಗೋಲಿ ಬಣ್ಣ ಹರದು ಬಂದದ ಅಂತ ನಸುಕಿನಾಗ ಎರಡು ಬಿಂದಿಗಿ ಜಾಸ್ತಿ ಹಾಕಿ ತಿಕ್ಕಿ ತೊಳೀತಿದ್ದೆ. ನೀವು ದಿನಾ ಬಗ್ಗಿ ಬಗ್ಗಿ ನೋಡತಿದ್ರಿ, ಅಂಗಳ ಎಷ್ಟು ಸ್ವಚ್ಛ ಆಗ್ಯದ ಅಂತ ನೋಡಾಕತ್ತೀರಿ ಅಂದ್ಕೊಂಡಿದ್ದೆ."

ನಾ ಏಳೋದಕ್ಕಿಂತ ಮೊದಲು ಆಕಿ ಗಾಡಿ ಕೆಳಗ ಸೈತ ನೀರು ಹೊಡದು ರಂಗೋಲಿ ಹಾಕಿ ಮುಗಿಸಿರ್ತಿದ್ಳು. ಸಾಕ್ಷಿ ದಿನಾ ಹುಟ್ಟತಿತ್ತು, ದಿನಾ ಗಟಾರಕ್ಕ ಹೋಗತಿತ್ತು. ಖಾಜಾಗ ಹೇಳಿದ್ರ ಅವ ಸ್ಪ್ಯಾನರ್ ಕೆಳಗಿಟ್ಟು ನಕ್ಕ. ಕಲಿ ನೆಟ್ಟಗ ಮ್ಯಾಲ ವಾಟರ್ ಪಂಪ್ ಇತ್ತು, ಅದರ ಸೀಲು ಹೋಗಿತ್ತು. ಹೊಸದು ಹಾಕಿದ. ನೀರು ಇಳಿಯೋದು ನಿಂತಿತು. ನನ್ನ ಶಕ್ ನಿಂದ್ರಲಿಲ್ಲ.

ಕುಬಸ ಛಲೋ ಆತು. ಹೊರಡೋ ಮುಂದ ಬೀಗರು, ಸೊಸೀನ ಮನಿ ಮುಟ್ಟಿಸಿ ಬರ್ತೀವಿ ಅಂತ ಹೊಸ ಗಾಡಿ ನನ್ನ ಹಿಂದ ಹಚ್ಚಿದ್ರು. ಮುಟ್ಟಿಸಾಕ ಅಲ್ಲ, ನನ್ನ ಗಾಡಿ ನಿಲ್ಲೋದು ನೋಡಾಕ ಬಂದಾರ ಅಂತ ನನ್ನ ಲೆಕ್ಕ. ನಿಂದ್ರಬಾರದು ಅಂದ್ರ ಕೂಲಂಟ್ ಸರಿ ಇರಬೇಕು. ಸರಿ ಅದನೋ ಇಲ್ಲೋ ನೋಡಬೇಕಂದ್ರ ನಿಂದ್ರಬೇಕು. ದೇವದುರ್ಗ ದಾಟಿದ ಕೂಡ್ಲೇ ಒಂದು ಬೇವಿನ ಗಿಡದ ಕೆಳಗ ನಿಂದ್ರಿಸಿ ಬಾನೆಟ್ ಎತ್ತಿದೆ. ಬರೋಬ್ಬರಿ ಇತ್ತು. ಹಿಂದ ಬೀಗರೂ ನಿಂತ್ರು, ಇಳದು ಬಂದು ಏನಾತ್ರಿ ಅಂದ್ರು. ಏನಿಲ್ರಿ, ಸುಮ್ನ ನೋಡಿದೆ ಅಂದೆ. ರೋಡಿನಾಗ ಬಾನೆಟ್ ಎತ್ತಿ ನಿಂತಾಂವ ಏನಿಲ್ಲ ಅಂದ್ರ ಯಾರು ನಂಬತಾರ್ರಿ. ಮುಂದ ಮತ್ತ ನಿಂದ್ರಿಸಿದೆ. ಗಬ್ಬೂರಿನಾಗೂ ನಿಂದ್ರಿಸಿದೆ. ಅಷ್ಟೊತ್ತಿಗೆ ಬೀಗರು ಗಾಡಿಗೆ ಒರಗಿ ಯಾರಿಗೋ ಫೋನಿನಾಗ, ಹೂಂನ್ರಿ, ಅವರ ಗಾಡಿ ಮತ್ತ ನಿಂತದ ಅನ್ನಾಕತ್ತಿದ್ರು.

ಸುಮಾ ಹಸರು ಬಳಿ ಹಾಕಿದ ಕೈಲೆ ಬೆವರು ಒರಸಿಕೊಂಡ್ಳು. "ಅಪ್ಪಾ, ಗಾಡಿ ಎಲ್ಲಿ ನಿಂತದ? ನೀನ ನಿಂದ್ರಿಸಾಕತ್ತಿ. ನನಗ ಸೊಂಟ ಹಿಡೀತು, ನಾ ಆ ಗಾಡಿಯಾಗ ಹೋಗ್ತೀನಿ." ಇಳದು ಹೋದ್ಳು. ಮಾದೇವಿ ನನ್ನ ಕಡೆ ನೋಡದನ ಮಗಳ ಬೆನ್ನು ಹತ್ತಿದ್ಳು. ಹೊಸ ಗಾಡಿ ಧೂಳು ಎಬ್ಬಿಸಿ ಮುಂದ ಹೋತು.

ಮನಿ ಮುಟ್ಟಿದಾಗ ಅವರು ಒಳಗ ಚಾ ಕುಡಿಯಾಕತ್ತಿದ್ರು. ನಾ ಗಾಡಿ ಹಚ್ಚೋ ಜಾಗದಾಗ ಬೀಗರ ಗಾಡಿ. ಯಾರೂ ಇಲ್ಲ ಅಂತ ಬಗ್ಗಿ ಅದರ ಕೆಳಗ ನೋಡಿದೆ. ಹನಿ ಬೀಳಾಕತ್ತಿತ್ತು. ಅದು ಎಸಿ ನೀರು, ಹೊಸ ಗಾಡಿಗೂ ಬೀಳ್ತದ, ಅಷ್ಟು ನನಗೂ ಗೊತ್ತದ. ಆದ್ರೂ ಒಳಗ ಹೋಗಿ ಬೀಗರ ಬಾಜೂಕ ಕುಂತು, ಸಣ್ಣ ದನಿಲೆ, "ನಿಮ್ಮ ಗಾಡಿ ಕೆಳಗ ಏನೋ ಹನಿಯಾಕತ್ತದಲ್ರೀ" ಅಂದೆ.

ಬೀಗರು ಚಾ ಅರ್ಧಕ್ಕ ಬಿಟ್ಟು ಎದ್ರು.