ಮಗ್ಗದ ಸದ್ದು ಕೇಳದ ಸ್ವಭಾವಸಖಿಗೆ

ಮಾನ್ಯ ಸ್ವಭಾವಸಖಿ ಆ್ಯಪ್‌ನವರೇ,

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಮನೆಯೊಂದಕ್ಕೆ ಮೊನ್ನೆ ಮೊನ್ನೆ ಸೊಸೆಯಾಗಿ ಬಂದವಳು, ಮದರಂಗಿ ಇನ್ನೂ ಮಾಸದ ಕೈಗಳನ್ನು ಜೋಡಿಸಿ ಮಾಡುವ ನಮಸ್ಕಾರಗಳು. ತಾವು ಚಾರ್ಜ್ ತುಂಬಿಕೊಂಡು, ನೆಟ್‌ವರ್ಕ್ ಹಿಡಿದುಕೊಂಡು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಮುಖವನ್ನೇ ನೋಡದೆ ಮನುಷ್ಯರ ಒಳಗನ್ನೆಲ್ಲ ಹೇಳಿಬಿಡುವ ತಮ್ಮ ವಿದ್ಯೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಹೆಣ್ಣು ನೋಡಲು ಬರುವವರು ಕೂಡ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಾದರೂ ಕೂರುತ್ತಾರೆ.

ನನ್ನ ಪತಿ ಉಮಾಶಂಕರ್ ಜಗತ್ತಿನ ಅತ್ಯಂತ ಮುದ್ದಾದ ಮನುಷ್ಯ ಎಂಬುದನ್ನು ಬರೆಯಲು ತಮ್ಮ ಪರೀಕ್ಷೆಯಲ್ಲಿ ಜಾಗವಿರಲಿಲ್ಲ. ಇದ್ದದ್ದು "ಎಂದೂ ಇಲ್ಲ", "ಕೆಲವೊಮ್ಮೆ", "ಯಾವಾಗಲೂ" ಎಂಬ ಗುಂಡಿಗಳು ಮಾತ್ರ. ಅವರಿಗೆ ಹೇಳದೆ ಅವರ ಪರವಾಗಿ ನಾನೇ ಒತ್ತಿದೆ. ಕರೆದರೆ ಓಗೊಡುತ್ತಾರೆಯೇ? ಎಂದೂ ಇಲ್ಲ. ಸಹಜ ದನಿಯಲ್ಲಿ ಮಾತನಾಡುತ್ತಾರೆಯೇ? ಎಂದೂ ಇಲ್ಲ, ಉಪ್ಪು ಕೇಳುವಾಗಲೂ ಕಿರುಚುತ್ತಾರೆ. ಆಜ್ಞೆ ಮಾಡುತ್ತಾರೆಯೇ? ಯಾವಾಗಲೂ. ದಿನಾ ಮಧ್ಯಾಹ್ನ ಮಗ್ಗದ ಶೆಡ್ಡಿನಿಂದ ಬೆರಳು ಕೂಡಿಸಿ ಬಾಯಿಗೆ ತೋರಿಸಿ, ಆಮೇಲೆ ನನ್ನತ್ತ ಕೈ ಮಾಡುತ್ತಾರೆ, ಊಟ ತಾ ಎಂದು. ನಾನು ತಟ್ಟೆ ಹಿಡಿದು ಓಡುತ್ತೇನೆ. ಕಣ್ಣು ಮಿಟುಕಿಸುವುದರೊಳಗೆ ತಾವು ತೀರ್ಪು ಕೊಟ್ಟಿರಿ: ಅಂತರ್ಮುಖಿ, ಸಿಡುಕ, ಅಧಿಕಾರ ಚಲಾಯಿಸುವವರು, "ಒಡನಾಟ ತಪ್ಪಿಸುವ ಪರ್ಸನಾಲಿಟಿ ಡಿಸಾರ್ಡರ್ ಇರುವ ಸಾಧ್ಯತೆ".

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಉತ್ಸಾಹದಲ್ಲಿ ನಾನದನ್ನು ಗಟ್ಟಿಯಾಗಿ ಓದಿಬಿಟ್ಟೆ. ನೂಲು ಸುತ್ತುತ್ತಿದ್ದ ಅತ್ತೆ ಮುನಿರತ್ನಮ್ಮನವರು ಅರ್ಧ ಕೇಳಿಸಿಕೊಂಡು, "ಆರ್ಡರ್ರಾ? ಯಾವ ಪಾರ್ಟೀದಮ್ಮಾ? ಎಷ್ಟು ಸೀರೆ ಬೇಕಂತೆ? ಬಣ್ಣ ಕೇಳ್ಕೋ!" ಎಂದು ಎದ್ದೇ ಬಿಟ್ಟರು. "ಆರ್ಡರ್ ಅಲ್ಲ ಅತ್ತೆ, ಡಿಸಾರ್ಡರ್" ಎಂದೆ. "ಹಂಗಂದ್ರೆ ಕ್ಯಾನ್ಸಲ್ಲಾ?" ಎಂದು ಕೂತರು.

ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ನನ್ನ ಪತಿ ಫೋನು ತೆಗೆದುಕೊಂಡು ಓದಿದರು. "ನಾನು ಸರಿ ಇಲ್ವಾ ಪದ್ಮಾ?" ಎಂದರು, ಮದುವೆಯಾದ ಮೇಲೆ ಮೊದಲ ಸಲ ಮೆಲ್ಲನೆ. ಮರುದಿನದಿಂದ, ತೀರ್ಪಿನ ಕೆಳಗೆ ತಾವು ಕೊಟ್ಟಿದ್ದ "ಆಜ್ಞೆ ಮಾಡಬೇಡಿ, ಭಾವನೆ ಹಂಚಿಕೊಳ್ಳಿ" ಎಂಬ ಸಲಹೆಗಳನ್ನು ಶ್ರದ್ಧೆಯಿಂದ ಪಾಲಿಸುತ್ತ, ಸನ್ನೆ ಮಾಡುವುದನ್ನೇ ಬಿಟ್ಟು, ಅಂಗಳಕ್ಕೆ ಬಂದು ಮಗ್ಗದ ಸದ್ದನ್ನೂ ಮೀರಿಸಿ, "ಪದ್ಮಾ! ಈಗ ನಂಗೆ ಸ್ವಲ್ಪ ಬೇಜಾರು! ಹಂಚ್ಕೊಳ್ತಾ ಇದ್ದೀನಿ!" ಎಂದು ಘೋಷಿಸತೊಡಗಿದರು. ಅಕ್ಕಪಕ್ಕದವರೆಲ್ಲ ಬಂದು ಸಮಾಧಾನ ಹೇಳಿಹೋದರು. ಆದರೆ ನನ್ನನ್ನು ಕಂಡ ಕೂಡಲೇ ನಗುತ್ತಿದ್ದ ಆ ಮನುಷ್ಯ ಎಲ್ಲೋ ಕಾಣೆಯಾದರು. ತನ್ನೊಳಗೆ ಏನೋ ಕೆಟ್ಟಿದೆ ಎಂದು ನಂಬಿದವರ ಹಾಗೆ ಓಡಾಡುತ್ತಿದ್ದರು.

ನನ್ನ ಕಾಲೇಜಿನ ಗೆಳತಿ ಖುಷ್ನುಮಾ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮನಶ್ಶಾಸ್ತ್ರಜ್ಞೆ. ಫೋನಿನಲ್ಲೇ ಬೈದಳು: "ಲೇ, ಸ್ವಭಾವ ಬೇರೆ, ಕಾಯಿಲೆ ಬೇರೆ ಕಣೇ. ಮಾತು ಕಮ್ಮಿ, ಸಿಟ್ಟು ಜಾಸ್ತಿ, ಇವೆಲ್ಲ ಎಲ್ಲರಲ್ಲೂ ಹೆಚ್ಚುಕಮ್ಮಿ ಇರುತ್ತೆ. ಅದರಿಂದ ವರ್ಷಗಟ್ಟಲೆ ಬದುಕೇ ಒದ್ದಾಟ ಆಗಿದ್ರೆ ಆಗ ನಾವು ಕೂತು, ಮಾತಾಡಿಸಿ, ನೋಡಿ ಹೇಳ್ತೀವಿ. ಅಂಥವರ ಕಷ್ಟ ಆಟ ಅಲ್ಲ. ಅದ್ಸರಿ, ನಿನ್ನ ಗಂಡ ಕಿರುಚೋದು ಎಲ್ಲಿ ನಿಂತ್ಕೊಂಡು?" ಹುಟ್ಟಿದಾಗಿನಿಂದ ಮಗ್ಗದ ಪಕ್ಕ ಎಂದೆ. ಆ ಕಡೆಯಿಂದ ಬಹಳ ಹೊತ್ತು ನಗು ಮಾತ್ರ ಕೇಳಿಸಿತು.

ಉಳಿದದ್ದನ್ನು ಅತ್ತೆ ಬಿಡಿಸಿ ಹೇಳಿದರು. ಮಗ್ಗ ಓಡುವಾಗ ಮಾತು ಕಿವಿಗೆ ಬೀಳದ್ದರಿಂದ ಇಲ್ಲಿ ಎಲ್ಲರೂ ಸನ್ನೆಯಲ್ಲೇ ಮಾತನಾಡುತ್ತಾರಂತೆ. "ಊಟ ತಾ ಅಂತ ಅಲ್ಲ ಕಣಮ್ಮಾ, ನಿಂದು ಊಟ ಆಯ್ತಾ ಅಂತ ಕೇಳ್ತಿದ್ದ. ನೀನು ತಟ್ಟೆ ಹಿಡ್ಕೊಂಡು ಬಂದ್ಬಿಟ್ರೆ ಬೇಡ ಅನ್ನಕ್ಕೆ ಮನಸ್ಸು ಬರ್ದೆ, ಉಂಡಿದ್ರೂ ಇನ್ನೊಂದ್ಸಲ ಉಣ್ತಿದ್ದ!" ಅಂದರೆ ಮಾನ್ಯರೇ, ತಾವು ದಬ್ಬಾಳಿಕೆಯ ಬಿರುದು ಕೊಟ್ಟ ಮನುಷ್ಯ ನನಗೆ ನೋವಾಗಬಾರದೆಂದು ತುಂಬಿದ ಹೊಟ್ಟೆಯ ಮೇಲೆ ಮತ್ತೊಂದು ಮುದ್ದೆ ನುಂಗುತ್ತಿದ್ದರು. ಇದಕ್ಕೆ ತಮ್ಮಲ್ಲಿ ಯಾವ ಗುಂಡಿಯಿದೆ?

ಆದಕಾರಣ ತಾವು ದಯಮಾಡಿ ಬಸ್ಸು ಹತ್ತಿ ಬಂದು, ನಮ್ಮ ಶೆಡ್ಡಿನಲ್ಲಿ ಒಂದು ವಾರ ನಿಂತು, ಸಹಜ ದನಿಯಲ್ಲಿ ಉಪ್ಪು ಕೇಳಿ ತೋರಿಸಬೇಕಾಗಿ ವಿನಂತಿ. ಅದಾಗದಿದ್ದರೆ, "ನೀವು ಸರಿಯಾಗಿಯೇ ಇದ್ದೀರಿ, ಉತ್ತರ ಬರೆದವಳಿಗೆ ಅವಸರ ಜಾಸ್ತಿ" ಎಂಬ ತೀರ್ಪನ್ನು ನನ್ನ ಪತಿಯ ಫೋನಿಗೆ ಕಳಿಸಿಕೊಡಿ. ನಾನು ಹೇಳಿದರೆ ಸಮಾಧಾನ ಮಾಡುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ತಾವು ಹೇಳಿದರೆ ವಿಜ್ಞಾನ.

ರೇಟಿಂಗಿನಲ್ಲಿ ತಮಗೆ ಒಂದೇ ನಕ್ಷತ್ರ ಕೊಟ್ಟರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಪದ್ಮಶ್ರೀ ಉಮಾಶಂಕರ್

ವಿ.ಸೂ.: ತಮ್ಮ ಉತ್ತರಕ್ಕೆ ಕಾಯಲಾರದೆ, ಇಂದು ಮಧ್ಯಾಹ್ನ ನಾನೇ ಶೆಡ್ಡಿನ ಬಾಗಿಲಲ್ಲಿ ನಿಂತು, ಅತ್ತೆ ಹೇಳಿಕೊಟ್ಟ ಸನ್ನೆಗಳಲ್ಲಿ ಕ್ಷಮೆ ಕೇಳಿದೆ. ಅವರು ನಕ್ಕರು. ಮಗ್ಗ ನಿಲ್ಲಿಸದೆ, ಕೈಯೆತ್ತಿ ಒಂದು ಹೊಸ ಸನ್ನೆ ಮಾಡಿದರು. ಅದರ ಅರ್ಥವನ್ನು ಅತ್ತೆಯ ಬಳಿ ಕೇಳುವಂತಿರಲಿಲ್ಲ, ಕೇಳುವ ಅಗತ್ಯವೂ ಬೀಳಲಿಲ್ಲ. ತಮಗಂತೂ ಹೇಳಲಾರೆ, ತಮ್ಮ ಗೌಪ್ಯತಾ ನೀತಿಯನ್ನು ಕೊನೆಗೂ ಪೂರ್ತಿ ಓದಿದ್ದೇನೆ.