ಮುತ್ತ್ಯಾ ಮತ್ತು ಏಳನೆಯ ಸೀಟು

ಕೆಲವರಿಗೆ ದೊಡ್ಡವರ ಪರಿಚಯವಿರುತ್ತದೆ, ಕೆಲವರಿಗೆ ಒಳ್ಳೆಯ ಕಂಠವಿರುತ್ತದೆ. ನನಗಿರುವುದು ಯೂನಿಕ್ಸ್. ಕಂಪ್ಯೂಟರನ್ನು ನಡೆಸುವ ಹಳೆಯ, ಗಟ್ಟಿಮುಟ್ಟಾದ ಒಂದು ವ್ಯವಸ್ಥೆ ಎಂದಿಷ್ಟು ತಿಳಿದುಕೊಂಡರೆ ಸಾಕು, ಹೆಚ್ಚು ಕೇಳಬೇಡಿ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಒಮ್ಮೆ ಕೇಳಿದ್ದಳು. ಕುಕ್ಕರ್ ಸೀಟಿ ಹೊಡೆಯಿತೆಂದು ನಡುವೆಯೇ ಎದ್ದು ಹೋದವಳು ಉತ್ತರದ ಉಳಿದ ಭಾಗಕ್ಕೆ ಇವತ್ತಿಗೂ ವಾಪಸು ಬಂದಿಲ್ಲ. ಬಂಧುಗಳ ಮದುವೆಗೆ ಹೋದರೆ, "ಕಂಪ್ಯೂಟರ್‌ನಾವ್ರು ಬಂದ್ರು" ಎಂದು ಯಾರಾದರೂ ಮೊಬೈಲು ತಂದು ಕೈಗಿಡುತ್ತಾರೆ. "ಇದರಾಗ ಆವಾಜ್ ಬರವಲ್ದು, ಸ್ವಲ್ಪ ನೋಡ್ರಿ." ನಾನು ಅದನ್ನು ಹಿಂದೆ ಮುಂದೆ ತಿರುಗಿಸಿ, ಕನ್ನಡಕ ಏರಿಸಿ ಇಳಿಸಿ, ಗಂಭೀರವಾಗಿ ಹಿಂದಕ್ಕೆ ಕೊಡುತ್ತೇನೆ. ಹೋಳಿಗೆ ಬಡಿಸುತ್ತಿದ್ದ ಅಡುಗೆಯವನು ಎಡಗೈಯಿಂದ ಒಂದು ಗುಂಡಿ ಒತ್ತಿ ಆವಾಜು ಬರಿಸುತ್ತಾನೆ. ಆಮೇಲೆ ನನ್ನ ಎಲೆಯ ಕಡೆ ಅವನು ಅಷ್ಟಾಗಿ ಬರುವುದಿಲ್ಲ.

ಆದರೂ ಇಡೀ ಜಿಲ್ಲೆಯಲ್ಲಿ ನನ್ನ ವಿದ್ಯೆಗೆ ಬೆಲೆ ಕೊಡುವ ಒಂದು ಜಾಗವಿದೆ. ಅದು ತಿಕೋಟಾದ ಒಂದು ಕೋಲ್ಡ್ ಸ್ಟೋರೇಜು. ಸುತ್ತಲಿನ ಊರುಗಳ ತೋಟದ ಒಣದ್ರಾಕ್ಷಿಯೆಲ್ಲ ಬಾಕ್ಸು ಬಾಕ್ಸಾಗಿ ಅಲ್ಲಿ ತಣ್ಣಗೆ ಮಲಗಿರುತ್ತದೆ. ಯಾರ ಬಾಕ್ಸು ಯಾವ ಕೋಣೆಯ ಯಾವ ಸಾಲಿನಲ್ಲಿದೆ ಎಂಬುದನ್ನು ನೆನಪಿಟ್ಟುಕೊಂಡಿರುವುದು ಒಂದು ಯೂನಿಕ್ಸ್ ಯಂತ್ರ. ಯಾವ ಕಾಲದ್ದೋ ಅದು. ಕೆಡಲಿಲ್ಲ, ಹಾಗಾಗಿ ಯಾರೂ ಬದಲಿಸಲಿಲ್ಲ. ಅಲ್ಲಿಯವರು ಅದನ್ನು ಮುತ್ತ್ಯಾ, ಅಂದರೆ ಅಜ್ಜ, ಎನ್ನುತ್ತಾರೆ. ಮುತ್ತ್ಯಾನ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕು. ಆಯುಧಗಳನ್ನು ಪೂಜಿಸುವ ಖಂಡೇ ಪೂಜೆಯ ದಿನ ಅದಕ್ಕೆ ಚೆಂಡುಹೂವಿನ ಮಾಲೆ ಬೀಳುತ್ತದೆ, ಗಾಳಿಗಿಂಡಿಗೆ ಕುಂಕುಮ ಬೀಳದಂತೆ ನೋಡಿಕೊಳ್ಳಲು ವಿಜಯಪುರದಲ್ಲಿರುವ ನನಗೆ ಬುಲಾವು ಬರುತ್ತದೆ. ನನ್ನ ಮನೆಯಲ್ಲಿ ನನಗೂ ಅಷ್ಟು ಮರ್ಯಾದೆಯಿಲ್ಲ.

ಇಂಥ ಮುತ್ತ್ಯಾ ಒಂದು ದಿನ ಕರೆಂಟು ಹೋಗಿ ಬಂದ ಮೇಲೆ ಏಳಲಿಲ್ಲ. ಡಿಸ್ಕು ಸತ್ತಿತ್ತು. "ಜಲ್ದಿ ಬರ್ರಿ, ಮುತ್ತ್ಯಾ ಮಾತಾಡವಲ್ದು, ಡಿಸ್ಕಿನಾಗ ಬರೇ ಕರಕರ ಅನ್ನಾಕತ್ತೇತಿ" ಎಂದು ಮ್ಯಾನೇಜರ್ ದಸ್ತಗೀರ ಸಾಹೇಬರ ಫೋನು ಬಂದಾಗ ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಹಿಗ್ಗಾಯಿತು. ಗುಜರಿಗೆ ಹಾಕುತ್ತೇನೆಂದು ಹೆಂಡತಿ ವರ್ಷಗಟ್ಟಲೆ ಹೆದರಿಸುತ್ತಿದ್ದ ಹಳೆಯ ಡಿಸ್ಕೊಂದು ಅಟ್ಟದ ಮೇಲಿತ್ತು. ಅದನ್ನು ಅವಳ ಕಣ್ಣಿಗೆ ಬೀಳುವಂತೆಯೇ ಇಳಿಸಿ, ಒರೆಸಿ, ಟವೆಲಿನಲ್ಲಿ ಸುತ್ತಿಕೊಂಡು ತಿಕೋಟಾ ಬಸ್ಸು ಹತ್ತಿದೆ. ಕೆಲಸ ಸುಲಭದ್ದು: ಹೊಸ ಡಿಸ್ಕು ಹಾಕುವುದು, ಸಿಡಿಯಿಂದ ಯೂನಿಕ್ಸನ್ನು ಕೂರಿಸುವುದು, ದಿನಾ ಸಂಜೆ ಟೇಪಿನ ಮೇಲೆ ತೆಗೆದಿಟ್ಟ ನಕಲನ್ನು ಇಳಿಸುವುದು. ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತೇನೆ ಎಂದು ಹೇಳಿಯೇ ಹೊರಟಿದ್ದೆ.

ಅಲ್ಲಿ ಹೋಗಿ ನೋಡಿದರೆ ಮುತ್ತ್ಯಾನ ಕೋಣೆಯ ಬಾಗಿಲಲ್ಲಿ ಘೋಣಸಗಿಯ ಶಾಂತವ್ವ ಕೂತಿದ್ದಳು. ಅವಳಿಗೆ ಬೇಕಾಗಿದ್ದದ್ದು ಎರಡೇ ಬಾಕ್ಸು. ನಾಡಿದ್ದು ಬಸುರಿ ಮಗಳ ಕುಬಸದ ಶಾಸ್ತ್ರ, ಉಡಿ ತುಂಬಬೇಕು. ಅದಕ್ಕೆಂದೇ ಬೇರೆಯಾಗಿ ಒಣಗಿಸಿ ಇಟ್ಟ ದ್ರಾಕ್ಷಿ ಒಳಗೆಲ್ಲೋ ಇತ್ತು. ಎಲ್ಲಿದೆ ಎಂದು ಮುತ್ತ್ಯಾನೇ ಹೇಳಬೇಕು. ದಸ್ತಗೀರ ಸಾಹೇಬರು ಪಾಪ, ಒಳ್ಳೆಯ ಮಾತಿನಲ್ಲೇ, "ಬೇ, ಬಜಾರದಾಗ ಇದರಕ್ಕಿಂತ ಚಲೋ ಮಣೂಕ ಸಿಗ್ತಾವ, ನಾನ ತರಿಸಿಕೊಡ್ತೀನಿ" ಎಂದರು.

ಶಾಂತವ್ವ ಸೆರಗು ಸರಿಮಾಡಿಕೊಂಡಳು. "ಸಾಹೇಬ್ರ, ನನ್ನ ಮಗಳು ಲಗ್ನಕ್ಕ ಮದ್ಲ ತನ್ನ ಕೈಯಾರೆ ಕಟ್ಟಿದ ಬಳ್ಳಿ ಹಣ್ಣು ಅವು. ಆಕಿ ಉಡಿಗೆ ಅವ ಬೀಳಬೇಕು. ಬಜಾರದ ಮಣೂಕ ಹಾಕಾಕ ಆಕೀನೇನ ಬಜಾರದಾಗಿಂದ ತಂದೀನೇನ್ರಿ?"

ಸಾಹೇಬರು ಚಹಾ ತರಿಸಿದರು. ಗೋದಾಮಿನ ಸಿದ್ದಪ್ಪ ಕಾಕಾ ಸ್ವೆಟರು, ಮಂಗನ ಟೋಪಿ ಹಾಕಿಕೊಂಡು ಬಾಕ್ಸು ಹುಡುಕಲು ಒಳಗೆ ಹೋಗಿದ್ದವರು ತುಟಿ ನೀಲಿಯಾಗಿ ಹೊರಗೆ ಬಂದರು. ಮಾಳಿಗೆಗೆ ಮುಟ್ಟುವಂತೆ ಪೇರಿಸಿದ, ನೋಡಲು ಎಲ್ಲ ಒಂದೇ ತರಹದ ಬಾಕ್ಸುಗಳು. ಒಂದು ಕೋಣೆಯ ಒಂದು ಮೂಲೆ ಮುಗಿಯುವಷ್ಟರಲ್ಲಿ ಅವರಿಗೆ ಹಲ್ಲು ಕಟಕಟ ಅನ್ನುತ್ತಿತ್ತು. "ಇನ್ನೊಂದ ಸಲ ಹೋಗ್ತೀನ್ರಿ" ಎಂದರು. ಬೇಡವೆಂದು ನಾನು ಕೈಹಿಡಿದು ಕೂರಿಸಿದೆ. ನಾನಿದ್ದೇನಲ್ಲ, ಎಂದೆ. ಆ ಮಾತು ಆಡಬಾರದಿತ್ತು.

ಡಿಸ್ಕು ಹಾಕಿ, ಸಿಡಿ ಇಟ್ಟು, ಸ್ವಿಚ್ಚು ಒತ್ತಿದೆ. ಶುರುವಾಗುವಾಗ ಮುತ್ತ್ಯಾ ತನಗೆ ಯಾರ್‍ಯಾರು ಸಿಕ್ಕರೆಂದು ತೆರೆಯ ಮೇಲೆ ಹಾಜರಿ ಕೂಗುವುದು ರೂಢಿ. ಒಂದೇ ಕೇಬಲ್ಲಿನಲ್ಲಿ ಡಿಸ್ಕು, ಸಿಡಿ ಡ್ರೈವು, ಟೇಪ್ ಡ್ರೈವು ಎಲ್ಲ ಸಾಲಾಗಿ ಕೂತಿರುತ್ತವೆ, ಒಬ್ಬೊಬ್ಬರಿಗೆ ಒಂದೊಂದು ನಂಬರು. ಅವತ್ತಿನ ಹಾಜರಿ ನೋಡಿ ನಾನು ಕನ್ನಡಕ ಒರೆಸಿಕೊಂಡೆ. ಮೊದಲನೆಯ ಜಾಗದಲ್ಲಿ ಟೇಪ್ ಡ್ರೈವು. ಎರಡನೆಯದರಲ್ಲೂ ಟೇಪ್ ಡ್ರೈವು. ಅದರಾಚೆಯೂ ಟೇಪ್ ಡ್ರೈವೇ, ಕೊನೆಯವರೆಗೂ. ಇದ್ದದ್ದು ಒಂದೇ ಒಂದು ಟೇಪ್ ಡ್ರೈವು. ಸಿಡಿಯ ಹೆಸರೇ ಇಲ್ಲ, ಡಿಸ್ಕಿನ ಸುದ್ದಿಯೇ ಇಲ್ಲ.

ಇಂಥ ಹೊತ್ತಿನಲ್ಲಿ ತಿಳಿದವರು ಏನು ಮಾಡುತ್ತಾರೋ ಗೊತ್ತಿಲ್ಲ. ನಾನು ಸಿಡಿಯನ್ನು ಅಂಗಿಯ ಚುಂಗಿನಿಂದ ಒರೆಸಿದೆ. ಟೇಪಿನ ಬಾಯಿಗೆ ಉಫ್ ಎಂದು ಊದಿದೆ. ಕೇಬಲ್ಲು ಕಿತ್ತು ಹಾಕಿದೆ, ತಿರುಗಿಸಿ ಹಾಕಿದೆ, ಕೊನೆಗೆ ಸುಮ್ಮನೆ ಅದನ್ನು ನೋಡುತ್ತ ಕೂತೆ. ವೋಲ್ಟೇಜನ್ನು ಬೈದೆ, ಟೇಪ್ ಡ್ರೈವು ತಯಾರಿಸಿದವರನ್ನು ಬೈದೆ. ನನ್ನ ಡಿಸ್ಕಿನ ಮೇಲೆ ಅನುಮಾನ ಬಂದಾಗ ಮಾತ್ರ ಬೈಯಲಿಲ್ಲ, ಹೆಂಡತಿ ಗೆದ್ದಂತಾಗುತ್ತಿತ್ತು. ನಾನು ತಲೆ ಎತ್ತಿದಾಗಲೆಲ್ಲ ಶಾಂತವ್ವ ಬಾಗಿಲಿಂದ ನನ್ನ ಮುಖ ನೋಡುತ್ತಿದ್ದಳು, ಡಾಕ್ಟರು ಹೊರಗೆ ಬಂದಾಗ ಮನೆಯವರು ನೋಡುವ ಹಾಗೆ. ಅದನ್ನು ತಡೆಯಲಾರದೆ ಚಹಾದ ನೆಪ ಹೇಳಿ ಬಸ್‌ಸ್ಟ್ಯಾಂಡಿಗೆ ಓಡಿದೆ.

ಕಪ್ಪಿಗೆ ತುಟಿ ಹಚ್ಚಿದ್ದೆ, ವಿಜಯಪುರದ ಬಸ್ಸು ಬಂತು. ಒಬ್ಬ ಆಸಾಮಿ ಮಂದಿಗಿಂತ ಮೊದಲೇ ಓಡಿ, ಕಿಟಕಿಯೊಳಗೆ ಕೈಹಾಕಿ ಸೀಟು ಹಿಡಿಯತೊಡಗಿದ. ಒಂದು ಸೀಟಿಗೆ ಟವೆಲು, ಒಂದಕ್ಕೆ ಟೋಪಿ, ಒಂದಕ್ಕೆ ಕೈಚೀಲ, ಮತ್ತೊಂದಕ್ಕೆ ಬಾಳೆಹಣ್ಣಿನ ಗೊನೆ. ಹತ್ತಿದವರೆಲ್ಲ ಕೂರಲು ಜಾಗವಿಲ್ಲದೆ ನಿಂತೇ ನಿಂತರು. ಒಳಗಿನಿಂದ ಕಂಡಕ್ಟರ್ ಕೂಗಿದ:

"ಲೇ, ನನ್ನ ಸೀಟಿನ ಮ್ಯಾಲೂ ವಸ್ತ್ರ ಒಗದೀಯಲ್ಲೋ! ನಾ ಎಲ್ಲಿ ಕುಂದರ್‍ಲಿ? ಟಿಕೀಟ್ ಯಾರ್ ಹರೀಬೇಕು?"

ನಾನು ಚಹಾ ಅಲ್ಲೇ ಬಿಟ್ಟೆ. ಆ ಕೇಬಲ್ಲಿನಲ್ಲೂ ಒಬ್ಬ ಕಂಡಕ್ಟರ್ ಇರುತ್ತಾನೆ. ಯಂತ್ರದೊಳಗೆ ಕೂತು ಎಲ್ಲರ ಲೆಕ್ಕ ನೋಡುವ ಒಂದು ಕಾರ್ಡು ಅದು, ಅದಕ್ಕೆ ಏಳನೆಯ ನಂಬರು ಕಾಯಂ. ಬೇರೆ ಯಾರಾದರೂ ಹೋಗಿ ಆ ಏಳರಲ್ಲಿ ಕೂತರೆ, ಎಲ್ಲ ಸೀಟಿನಲ್ಲೂ ಅವರೇ ಕಾಣಿಸುತ್ತಾರೆ. ಕಲಿಯುವಾಗ ಓದಿದ್ದೆ, ಓದಿ ನಕ್ಕಿದ್ದೆ, ಇಂಥ ತಪ್ಪು ಯಾರು ಮಾಡುತ್ತಾರೆಂದು. ಓಡಿ ಹೋಗಿ ಟೇಪ್ ಡ್ರೈವಿನ ಬೆನ್ನು ತಿರುಗಿಸಿದೆ. ಅಲ್ಲೊಂದು ಪುಟ್ಟ ಕಿಂಡಿ, ಪಕ್ಕದಲ್ಲಿ ನಂಬರು ಬದಲಿಸುವ ಗುಂಡಿ. ಯಾವಾಗಲೂ ನಾಲ್ಕು ಇರುತ್ತಿದ್ದಲ್ಲಿ ಏಳು ಕಾಣುತ್ತಿತ್ತು. ಡ್ರೈವಿನ ನೆತ್ತಿಯ ಮೇಲೂ ಬಿಳಿ ಬಣ್ಣದಲ್ಲಿ, ದುಂಡಗೆ, ಅಂದವಾಗಿ ಬರೆದ ಏಳು.

"ಇದನ್ನ ಯಾರ್ ಬರದಾರ್ರಿ?" ಎಂದೆ.

"ನಾನ್ರಿ" ಎಂದರು ಸಿದ್ದಪ್ಪ ಕಾಕಾ. ಹೋದ ವಾರ ಆಫೀಸಿನ ಸಾಮಾನಿಗೆಲ್ಲ ನಂಬರು ಹಾಕಿಸಲು ಸಾಹೇಬರು ಹೇಳಿದ್ದರಂತೆ. ಟೇಬಲ್ಲು, ಕಪಾಟು, ನೀರಿನ ಫಿಲ್ಟರು ದಾಟಿ ಮುತ್ತ್ಯಾನ ಕೋಣೆಗೆ ಬರುವಾಗ ಟೇಪ್ ಡ್ರೈವಿಗೆ ಬಂದದ್ದು ಏಳು. "ಬರದ ಮ್ಯಾಲ ನೋಡ್ತೀನ್ರಿ, ಹಿಂದ ನಾಕು ತೋರ್ಸಾಕತ್ತೇತಿ. ನಮ್ಮ ಗೋದಾಮಿನ್ಯಾಗ ಬಾಕ್ಸಿನ ಮ್ಯಾಲಿನ ನಂಬರು, ಒಳಗಿನ ಚೀಟಿ ನಂಬರು ಎರಡೂ ಒಂದ ಇರಬೇಕ್ರಿ. ಅದಕ್ಕ ಗುಂಡಿ ಒತ್ತಿ ಒತ್ತಿ ಏಳು ಮಾಡಿ ಬಿಟ್ಟೆ. ಯಾಕ್ರಿ, ತಪ್ಪಾತೇನ್ರಿ?"

ಗುಂಡಿ ಒತ್ತಿದ ದಿನ ಏನೂ ಆಗಿರಲಿಲ್ಲ. ಡ್ರೈವು ಒಮ್ಮೆ ಆರಿ ಹೊತ್ತಿದ ಮೇಲೆಯೇ ಹೊಸ ನಂಬರು ಅದರ ತಲೆಗೆ ಹೋಗುವುದು. ಕರೆಂಟು ಹೋಗಿ ಬಂದು ಡಿಸ್ಕನ್ನು ಕೊಂದಾಗಲೇ ಇದೂ ಏಳರಲ್ಲಿ ಹೋಗಿ ಕೂತಿದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಮನುಷ್ಯನ ತುಟಿ ಇನ್ನೂ ನೀಲಿಯಾಗಿಯೇ ಇತ್ತು. ಒಂದು ನಂಬರು ಸುಳ್ಳಾಗಬಾರದೆಂದು ಅಷ್ಟು ಕಷ್ಟಪಡುವವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ನನಗೆ ಅವರ ಮೇಲೆ ಪ್ರೀತಿಯೇ ಉಕ್ಕಿತು. "ತಪ್ಪಲ್ರಿ ಕಾಕಾ, ಇದೊಂದು ಮಾತ್ರ ನಾಕಽ ಇರ್ಲಿ" ಎಂದೆ. ಕಾಕಾ ಯೋಚನೆಗೆ ಬಿದ್ದರು. ನಾಲ್ಕು ಆಗಲೇ ನೀರಿನ ಫಿಲ್ಟರಿಗೆ ಹೋಗಿತ್ತು. ಕೊನೆಗೆ ಬ್ರಷ್ಷು ತಂದು ಡ್ರೈವನ್ನು ನಾಲ್ಕು, ಫಿಲ್ಟರನ್ನು ಏಳು ಮಾಡಿದರು. ಫಿಲ್ಟರು ತಕರಾರು ಮಾಡಲಿಲ್ಲ.

ಗುಂಡಿ ಒತ್ತಿ ನಾಲ್ಕು ಮಾಡಿ, ಎಲ್ಲ ಆರಿಸಿ ಹೊತ್ತಿಸಿದೆ. ಹಾಜರಿಯಲ್ಲಿ ಎಲ್ಲರೂ ಅವರವರ ಜಾಗದಲ್ಲಿದ್ದರು. ಸಿಡಿ ಗುಯ್ಯೆಂದಿತು, ಟೇಪು ಸರಸರ ತಿರುಗಿತು. ಬಿಸಿಲು ಇಳಿಯುವ ಹೊತ್ತಿಗೆ ಶಾಂತವ್ವನ ಹೆಸರು ಹೊಡೆದರೆ ಕೋಣೆ, ಸಾಲು, ಅಂತಸ್ತು ಎಲ್ಲ ತೆರೆಯ ಮೇಲೆ ಬಂತು. ಕಾಕಾ ಟೋಪಿ ಎಳೆದುಕೊಂಡು ಒಳಗೆ ಹೋದವರು ಎರಡು ಬಾಕ್ಸು ಹೆಗಲ ಮೇಲಿಟ್ಟುಕೊಂಡು ಬಂದರು. ಶಾಂತವ್ವ ಒಂದನ್ನು ಬಿಚ್ಚಿ, ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡು, "ಇವಽ ನೋಡ್ರಿ" ಎಂದಳು. ಕಣ್ಣು ತುಂಬಿತ್ತು.

ಅವಳು ಬೊಗಸೆ ತುಂಬ ದ್ರಾಕ್ಷಿ ತೆಗೆದುಕೊಂಡು ನನ್ನ ಕಡೆ ಬಂದಳು. ಇಷ್ಟು ವರ್ಷಕ್ಕೆ ನನ್ನ ವಿದ್ಯೆಗೆ ಸಿಗುತ್ತಿರುವ ಮೊದಲ ಸನ್ಮಾನ. ನಾನು ಸಂಕೋಚದಿಂದ ಎದ್ದು ನಿಂತು ಎರಡೂ ಕೈ ಒಡ್ಡಿದೆ.

"ಸ್ವಲ್ಪ ಸರೀರ್‍ಯಪ್ಪಾ" ಎಂದಳು ಶಾಂತವ್ವ. "ಮುತ್ತ್ಯಾ ಕಾಣವಲ್ದು."

ಸರಿದೆ. ದ್ರಾಕ್ಷಿಯನ್ನು ಮುತ್ತ್ಯಾನ ಮುಂದಿಟ್ಟು, ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದಳು. ಬಾಕ್ಸು ಟಂಟಂ ಗಾಡಿಗೆ ಏರಿಸುವಾಗ ಏನೋ ಹೊಳೆದಂತೆ ತಿರುಗಿ ನನ್ನನ್ನು ನೋಡಿದಳು.

"ನಾಡಿದ್ದು ಕುಬಸಕ್ಕ ಊಟಕ್ಕ ಬರ್ರಿ. ಮುತ್ತ್ಯಾನ್ನ ಹೊತ್ಕೊಂಡ ಬರಾಕ ಆಗಂಗಿಲ್ಲಲ್ಲ, ಅವನ ಪಾಲಿಂದು ನೀವು ಉಂಡ ಹೋಗ್ರಿ."

ಹೋಗಿದ್ದೆ. ನನ್ನ ಪಾಲಿನದೆಂದು ಬೇರೆಯಾಗಿ ಏನೂ ಬಡಿಸಲಿಲ್ಲವಾದರೂ, ಮುತ್ತ್ಯಾನ ಪಾಲೇ ನನಗೆ ಬೇಕಾದಷ್ಟಾಯಿತು.